ಎಂಟು ಸಾವಿರಕ್ಕೆ ತಿರುಗದ ಕತ್ತು

ಜನವರಿ 9, ಗುರುವಾರ

ದಿನಚರಿ ಬರೆಯುವವರ ಪೈಕಿ ನಾನಲ್ಲ. ಹೇಳಬೇಕಾದ್ದನ್ನು ಬಾಯಿಂದ ಹೇಳಿ ಮುಗಿಸಿ, ಮನೆಗೆ ಬಂದು ಬಿದ್ದುಕೊಳ್ಳುವವನು. ಆದರೆ ಇವತ್ತು ಡಾಕ್ಟರಮ್ಮ ಬಾಯಿಗೆ ಬೀಗ ಜಡಿದಿದ್ದಾರೆ. ಕೂಗುವ ಹಾಗಿಲ್ಲ, ಮಾತೂ ತೀರ ಬೇಕಾದಷ್ಟೇ. ಹೊಟ್ಟೆಯಲ್ಲಿ ಉಳಿದದ್ದನ್ನು ಎಲ್ಲಾದರೂ ಕಕ್ಕಬೇಕಲ್ಲ, ಅದಕ್ಕೆ ಈ ಪುಸ್ತಕ.

ಗಂಟಲಿನಲ್ಲಿರುವುದು ಕೆಟ್ಟ ಗಂಟೇ. ಪ್ರಾಣ ಉಳಿಯಬೇಕಾದರೆ ಧ್ವನಿಪೆಟ್ಟಿಗೆಯನ್ನು ಪೂರ್ತಿ ತೆಗೆಯಬೇಕಂತೆ. ಇಪ್ಪತ್ಮೂರನೇ ತಾರೀಕು ಆಪರೇಷನ್. "ಆಮೇಲೆ ಕತ್ತಿನಲ್ಲಿ ಮಾಡಿದ ತೂತಿನಿಂದ ಉಸಿರಾಡ್ತೀರಿ. ಈಗಿನ ಧ್ವನಿ ವಾಪಸ್ ಬರಲ್ಲ," ಎಂದರು ಡಾಕ್ಟರಮ್ಮ, ನೇರವಾಗಿ ನನ್ನ ಕಣ್ಣು ನೋಡಿಕೊಂಡು. ಧೈರ್ಯದ ಹೆಂಗಸು. ನನಗೇ ಆ ಧೈರ್ಯ ಬರಲಿಲ್ಲ, ಕಿಟಕಿ ಕಡೆ ನೋಡಿದೆ.

ಬೇರೆಯವರಿಗೆ ಇದನ್ನು ಹೇಳುವುದು ಬೇರೆ, ನನಗೆ ಹೇಳುವುದು ಬೇರೆ. ನಾನು ಮೀನು ಬಂದರಿನ ಹರಾಜುಗಾರ! ಒಂದು ಕಡೆ ಐಸ್ ಪುಡಿ ಮಾಡುವ ಯಂತ್ರ, ಇನ್ನೊಂದು ಕಡೆ ಬೋಟುಗಳ ಇಂಜಿನ್, ತಲೆ ಮೇಲೆ ಹಕ್ಕಿಗಳ ಅರಚಾಟ. ಅಷ್ಟನ್ನೂ ಮೀರಿ ನನ್ನ ಗಂಟಲು ಶೆಡ್ಡಿನ ಆ ತುದಿಗೆ ಹೋಗಿ ಗೋಡೆಗೆ ಬಡಿದು ವಾಪಸ್ ಬರುತ್ತದೆ. ಅಲ್ಲಿ ನನ್ನ ಹೆಸರೇ ಸೈರನ್. ಸೈರನ್‌ನಿಂದ ಸದ್ದು ಕಿತ್ತರೆ ಉಳಿಯುವುದೇನು? ಕಂಬಕ್ಕೆ ಹೊಡೆದ ತಗಡು.

ಹೊರಡುವಾಗ ಮಾತಿನ ಚಿಕಿತ್ಸೆಯ ಟೀಚರು ಒಂದು ಪೆಟ್ಟಿಗೆ ಕೊಟ್ಟರು. ಅಂಗೈ ಅಗಲದ ಪರದೆ, ಅದರ ಮೇಲೆ ಸಾಲು ಸಾಲು ಗುಂಡಿ. ಈಗಲೇ ನನ್ನ ಮಾತುಗಳನ್ನು ರೆಕಾರ್ಡ್ ಮಾಡಿ ತುಂಬಿಸಬೇಕು, ಆಮೇಲೆ ಗುಂಡಿ ಒತ್ತಿದರೆ ನನ್ನ ಧ್ವನಿಯಲ್ಲೇ ಹೇಳುತ್ತದೆ. ಫೋನಿನಲ್ಲಿ ಆಗದೇ ಎಂದು ಕೇಳಿದೆ. ಒದ್ದೆ ಕೈಗೆ, ಗದ್ದಲಕ್ಕೆ, ಕೆಳಗೆ ಬಿದ್ದರೆ ಇದೇ ಬಾಳಿಕೆ ಎಂದರು. ಆದರೆ ಒಳಗೆ ಜಾಗ ಬಹಳ ಕಡಿಮೆ.

ಬಸ್ಸಿನಲ್ಲಿ ಇವಳು, ನನ್ನ ಹೆಂಡತಿ, ಪೆಟ್ಟಿಗೆಯನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದಳು. ದಾರಿಯುದ್ದಕ್ಕೂ ಒಂದು ಮಾತಿಲ್ಲ. ನನ್ನ ಬಾಯಿಗೆ ಹಾಕಿದ ಬೀಗ ಇವಳಿಗ್ಯಾಕೆ?

ಜನವರಿ 11, ಶನಿವಾರ

ಭಾವಮೈದುನ ಬಂದ. ಇವಳ ತಮ್ಮ. ಫೋನಿನಲ್ಲಿ "ದಯವಿಟ್ಟು ಕಾಯಿರಿ" ಎನ್ನುತ್ತದಲ್ಲ, ಅಂಥವನ್ನೆಲ್ಲ ರೆಕಾರ್ಡ್ ಮಾಡುವುದೇ ಇವನ ಕಸುಬು. ಹತ್ತಕ್ಕೆ ಬರುತ್ತೇನೆ ಎಂದವನು ಊಟದ ಹೊತ್ತಿಗೆ ಬಂದ. ಕಾಯಿಸುವುದು ರಕ್ತದಲ್ಲೇ ಇದೆ.

ಮಲಗುವ ಕೋಣೆಯಲ್ಲಿ ಕಪಾಟಿನ ಬಾಗಿಲು ತೆರೆದು, ಅವುಗಳ ಮೇಲೆ ರಜಾಯಿ ಹೊದಿಸಿ, ಮಧ್ಯೆ ಮೈಕು ನಿಲ್ಲಿಸಿದ. ಸದ್ದು ಗೋಡೆಗೆ ಬಡಿದು ಮೊಳಗಬಾರದಂತೆ. ಆಮೇಲೆ ಶುರುವಾಯಿತು ಪಾಠ. ಯಂತ್ರ ಸದ್ದನ್ನು ಇಡಿಯಾಗಿ ಇಟ್ಟುಕೊಳ್ಳುವುದಿಲ್ಲ, ಒಂದು ಸೆಕೆಂಡಿಗೆ ಇಷ್ಟು ಸಲ ಎಂದು ಅಳೆದು ಅಂಕಿ ಬರೆದುಕೊಳ್ಳುತ್ತದೆ. ಆ "ಇಷ್ಟು ಸಲ" ಎಂಬುದಕ್ಕೆ ಸ್ಯಾಂಪಲ್ ರೇಟ್ ಅನ್ನುತ್ತಾರೆ. ಹೆಚ್ಚು ಸಲ ಅಳೆದರೆ ಹೆಚ್ಚು ಜಾಗ ತಿನ್ನುತ್ತದೆ. ಈ ಪೆಟ್ಟಿಗೆ ಎಂಟು ಸಾವಿರ, ಹದಿನಾರು, ಮೂವತ್ತೆರಡು, ನಲವತ್ತೆಂಟು ಸಾವಿರ ಒಪ್ಪುತ್ತದೆ. ಆದರೆ ತುಂಬಿಸುವುದನ್ನೆಲ್ಲ ಒಂದೇ ರೇಟಿನಲ್ಲಿ ತುಂಬಿಸಬೇಕು.

"ಮಾತಿಗೆ ಎಂಟು ಸಾವಿರ ಧಾರಾಳ ಸಾಕು ಭಾವ. ಇಡೀ ಫೋನ್ ಲೋಕ ನಡೀತಿರೋದೇ ಅದ್ರಲ್ಲಿ. ಜಾಗ ಬೇಕಾದಷ್ಟು ಉಳಿಯತ್ತೆ, ನಿಮ್ಮ ಬಂದರನ್ನೆಲ್ಲ ತುಂಬಿಸಬಹುದು."

ನನಗೆ ಬೇಕಾದ್ದೂ ಅದೇ. ಬಂಗುಡೆ, ಸಿಗಡಿ, ಏಡಿ, ನನಗೆ ಗೊತ್ತಿರುವ ಮೀನೆಲ್ಲ. ಒಂದರಿಂದ ನೂರರ ತನಕ ಅಂಕಿ. "ಒಂದು ಸಲ, ಎರಡು ಸಲ, ಮೂರು ಸಲ!" ಮೊದಲ ಕೂಗಿಗೇ ಮೈಕು ತತ್ತರಿಸಿ ಹೋಯಿತು. ಅವನು ಕಿವಿ ಮುಚ್ಚಿಕೊಂಡು ಮೈಕನ್ನು ಕೋಣೆಯ ಆ ಮೂಲೆಗೆ ಸರಿಸಿದ. ಅರ್ಧ ದನಿಯಲ್ಲೇ ಅಷ್ಟು!

ಕೊನೆಗೆ ಮನೆಗೆಂದು ನಾಲ್ಕು ಮಾತು ಸೇರಿಸಿದೆವು. ನೀರು, ಊಟ, ನೋವು, ಬಾಗಿಲು ಹಾಕು. ಮನೆಯಲ್ಲಿ ಇನ್ನೇನು ಮಾತಿರುತ್ತದೆ?

ಜನವರಿ 13, ಸೋಮವಾರ

ಗೆದ್ದೆ! ಪೆಟ್ಟಿಗೆ ತೆಗೆದುಕೊಂಡು ಬಂದರಿಗೆ ಹೋದೆ. ಶೆಡ್ಡಿನ ಮೈಕಿಗೆ ಹಿಡಿದು ಗುಂಡಿ ಒತ್ತಿದರೆ ಲೌಡ್‌ಸ್ಪೀಕರಿನ ಹಾರ್ನಿನಿಂದ ಥೇಟ್ ನಾನೇ ಬಂದೆ. ಮೀನು ಕೊಳ್ಳುವವರಲ್ಲಿ ಇಬ್ಬರು ಅಭ್ಯಾಸಬಲದಿಂದ ಕೈ ಎತ್ತಿದರು. ಐಸ್ ಯಂತ್ರದವನು ಬಂದು ಬೆನ್ನು ತಟ್ಟಿ, "ಸೈರನ್‌ಗೆ ಸಾವಿಲ್ಲ ಬಿಡಿ," ಅಂದ. ಎದೆ ಉಬ್ಬಿತು.

ಇವಳಿಗೆ ಹೇಳಿದೆ. "ಒಳ್ಳೇದಾಯ್ತು," ಎಂದಳು. ಅಷ್ಟೇ. ಇವಳಿಗೆ ಖುಷಿಪಡುವುದು ಕಲಿಸುವವರು ಯಾರೂ ಇಲ್ಲ.

ಜನವರಿ 15, ಬುಧವಾರ

ಮೈಯೆಲ್ಲ ಉರಿಯುತ್ತಿದೆ. ಬರೆದರೆ ಇಳಿಯುತ್ತದೋ ನೋಡೋಣ.

ಇವಳನ್ನು ನಾನು ಹೆಸರು ಹಿಡಿದು ಕರೆದದ್ದಿಲ್ಲ. ಮದುವೆಯಾದ ಹೊಸದರಲ್ಲಿ ಅಮ್ಮನ ಎದುರು ನಾಚಿಕೆ, ಆಮೇಲೆ ಅದೇ ರೂಢಿ. ಹಲ್ಲಿನ ಸಂದಿಯಿಂದ "ಸ್ಸ್" ಅನ್ನುತ್ತೇನೆ, ಅಷ್ಟೇ. ಗಿಡ್ಡ "ಸ್" ಎಂದರೆ ನೀರು. ಉದ್ದ "ಸ್ಸ್ಸ್" ಎಂದರೆ ಇಲ್ಲಿ ಬಾ. ಸಂತೆಯ ಗದ್ದಲದಲ್ಲಿ ಬೇಕಾದರೂ ಇವಳ ಕತ್ತು ತಿರುಗುತ್ತದೆ. ಅದನ್ನೂ ಮೊನ್ನೆ ಮೈಕಿಗೆ ಹೇಳಿದ್ದೆ.

ಇವಳು ಅಡುಗೆಮನೆಯಲ್ಲಿ ಬೆನ್ನು ತಿರುಗಿಸಿ ನಿಂತಿದ್ದಳು. ಪೆಟ್ಟಿಗೆ ಹೇಗೆ ಕೆಲಸ ಮಾಡುತ್ತದೆ ನೋಡೋಣವೆಂದು ಗುಂಡಿ ಒತ್ತಿದೆ. ತಿರುಗಲಿಲ್ಲ. ಇನ್ನೊಮ್ಮೆ ಒತ್ತಿದೆ. ಮೂಗು ಅರಳಿಸಿ ಮೂಸಿದಳು, ಬಗ್ಗಿ ಸಿಲಿಂಡರಿನ ಕಡೆ ನೋಡಿದಳು.

"ರೀ, ಗ್ಯಾಸ್ ಸೋರ್ತಿದೆಯಾ?"

ಮೂರನೆಯ ಸಲ ಒತ್ತಿದಾಗ ಕಿಟಕಿ ತೆರೆಯಲು ಹೊರಟಳು. ನಾನೇ ಎದುರು ಹೋಗಿ ನಿಂತು ಪೆಟ್ಟಿಗೆ ತೋರಿಸಿದೆ. ಉಳಿದ ಮಾತುಗಳನ್ನೂ ಕೇಳಿಸಿದೆ. ನೀರು, ಊಟ, ಬಾಗಿಲು ಹಾಕು. ಸೆರಗಿಗೆ ಕೈ ಒರೆಸಿಕೊಳ್ಳುತ್ತ ಕೇಳಿದಳು.

"ಯಾರಿದು?" ಎಂದಳು.

"ನಾನೇ!"

"ಅಲ್ಲ. ಇವರು ಫೋನ್ ಕಂಪನಿಯವರು. ಇವರನ್ನ ಮನೆಗೆ ಸೇರಿಸ್ಕೊಳ್ಳೋಕೆ ನನ್ನಿಂದಾಗಲ್ಲ."

ಇಷ್ಟು ಹೇಳಿ ಒಲೆಯ ಕಡೆ ತಿರುಗಿಬಿಟ್ಟಳು. ಭುಜ ಅಲುಗುತ್ತಿತ್ತು. ಬಂದರಿನ ಜನರೆಲ್ಲ ಒಪ್ಪಿದ ಧ್ವನಿ ಇವಳೊಬ್ಬಳಿಗೆ ಸಾಲದು! ಪೆಟ್ಟಿಗೆಯನ್ನು ಹಾಸಿಗೆ ಮೇಲೆ ಎಸೆದು ಹೊರಗೆ ಹೋಗಿ ಕೂತೆ. ಎಷ್ಟೋ ಹೊತ್ತು "ಸ್ಸ್" ಎಂದುಕೊಂಡೇ ಇದ್ದೆ, ಸುಮ್ಮನೆ. ಇನ್ನೆಂಟು ದಿನಕ್ಕೆ ಇದೂ ಇರುವುದಿಲ್ಲ.

ಜನವರಿ 16, ಗುರುವಾರ

ಭಾವಮೈದುನನನ್ನು ಕರೆಸಿ ತರಾಟೆಗೆ ತೆಗೆದುಕೊಂಡೆ. ಮುಖ ಊದಿಸಿಕೊಂಡ. ಇಷ್ಟು ವರ್ಷದಲ್ಲಿ ಒಬ್ಬ ಗಿರಾಕಿಯೂ ಅವನ ಎಂಟು ಸಾವಿರದಲ್ಲಿ ತಪ್ಪು ಹುಡುಕಿಲ್ಲವಂತೆ. ಆಮೇಲೆ ಅಕ್ಕನ ಮುಖ ನೋಡಿದ. ಸುಮ್ಮನೆ ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ನನ್ನ "ಸ್ಸ್" ಕೇಳಿದ, ಮತ್ತೆ ಮತ್ತೆ ಕೇಳಿದ.

"ತಪ್ಪು ನಂದೇ ಭಾವ," ಅಂದ. "ನಾವು ಎಷ್ಟು ಸಲ ಅಳೀತೀವೋ, ಅದರ ಅರ್ಧದಷ್ಟು ಕಂಪನದ ಸದ್ದು ಮಾತ್ರ ಉಳಿಯತ್ತೆ. ಎಂಟು ಸಾವಿರ ಸಲ ಅಳೆದ್ರೆ ನಾಲ್ಕು ಸಾವಿರ ಕಂಪನದ ತನಕ. ಕೂಗು, ಅಂಕಿ ಎಲ್ಲ ಅದರೊಳಗೆ ಗೊತ್ತಾಗತ್ತೆ. ನಿಮ್ಮ 'ಸ್ಸ್' ಇರೋದೇ ಅದರ ಮೇಲೆ. ಫೋನಲ್ಲಿ 'ಸ' ಅಂದ್ರೆ ಎಷ್ಟೋ ಸಲ 'ಫ' ಅಂತ ಕೇಳಲ್ವಾ, ಹಾಗೆ. ಶೆಡ್ಡಿನ ಹಾರ್ನ್ ಹೇಗೂ ಮೇಲಿನದನ್ನ ಹೊರಡಿಸಲ್ಲ, ಅದಕ್ಕೇ ಅಲ್ಲಿ ವ್ಯತ್ಯಾಸ ಕಾಣಲಿಲ್ಲ."

"ಹಾಗಾದ್ರೆ ಇದನ್ನೇ ಮೇಲೆ ಏರಿಸು."

"ಅಳೆಯದೇ ಬಿಟ್ಟದ್ದನ್ನ ಎಲ್ಲಿಂದ ತರ್ಲಿ? ಮೊದಲಿಂದ ರೆಕಾರ್ಡ್ ಮಾಡ್ಬೇಕು."

ಗಂಟಲು ದಿನದಿಂದ ದಿನಕ್ಕೆ ಒಡೆಯುತ್ತಿದೆ. ಬೆಳಿಗ್ಗೆ ಎದ್ದಾಗ ಮೊದಲ ಮಾತು ಹೊರಡುವುದೇ ಇಲ್ಲ. ಆದರೂ "ಮಾಡು" ಎಂದೆ.

ಜನವರಿ 17, ಶುಕ್ರವಾರ

ಇವತ್ತಿನದನ್ನು ನಿಧಾನವಾಗಿ ಬರೆಯಬೇಕು.

ನಾನು ನಲವತ್ತೆಂಟು ಸಾವಿರವೇ ಇರಲಿ ಎಂದೆ. ದೊಡ್ಡದಿರುವಾಗ ಚಿಕ್ಕದನ್ನು ಯಾಕೆ ಕೊಳ್ಳಬೇಕು? ಭಾವಮೈದುನ ತಲೆ ಅಲ್ಲಾಡಿಸಿದ. ನಲವತ್ತೆಂಟರಲ್ಲಿ ತುಂಬಿಸಿದರೆ ಎಂಟರಲ್ಲಿ ಹಿಡಿಸಿದ್ದರ ಆರನೇ ಒಂದು ಪಾಲು ಮಾತ್ರ ಹಿಡಿಸುತ್ತದೆ. ಅಕ್ಕನಿಗೆ ವ್ಯತ್ಯಾಸವೇ ತಿಳಿಯದಿದ್ದರೆ ಆ ಹೆಚ್ಚಿನ ಅಳತೆ ಯಾರಿಗೆ? "ಬಾವಲಿಗಳಿಗೆ ಹರಾಜು ಕೂಗ್ತೀರಾ?" ಅಂದ.

ಹಾಗಾಗಿ ಪರೀಕ್ಷೆ. ನನ್ನ "ಸ್ಸ್" ಒಂದನ್ನು ನಲವತ್ತೆಂಟರಲ್ಲಿ ಹಿಡಿದು, ಅದರಿಂದಲೇ ಉಳಿದ ಮೂರು ರೇಟುಗಳಿಗೆ ಇಳಿಸಿದ. ಇವಳನ್ನು ಮಲಗುವ ಕೋಣೆಯಲ್ಲಿ ಗೋಡೆಗೆ ಮುಖ ಮಾಡಿ ಸ್ಟೂಲಿನ ಮೇಲೆ ಕೂರಿಸಿದೆವು. ಕೈಗೆ ದಿಂಬಿನ ಕವರು, ಸೂಜಿ ದಾರ. "ಏನೂ ಯೋಚನೆ ಮಾಡ್ಬೇಡ, ಹೊಲೀತಾ ಇರು," ಅಂದ ತಮ್ಮ.

ಎಂಟು ಸಾವಿರ. ಸೂಜಿ ನಿಲ್ಲಲಿಲ್ಲ.

ಹದಿನಾರು. ಸೂಜಿ ನಿಂತಿತು, ಕತ್ತು ತಿರುಗಲಿಲ್ಲ. "ಪಕ್ಕದ ಮನೇಲಿ ಯಾರೋ ಯಾರನ್ನೋ ಕರೀತಿದಾರೆ," ಎಂದಳು.

ಮೂವತ್ತೆರಡು.

"ಏನ್ರೀ?"

ತಿರುಗಿಬಿಟ್ಟಿದ್ದಳು! ಎದ್ದು ಅರ್ಧ ನಿಂತಿದ್ದಳು ಕೂಡ. ನಾನು ಬಾಗಿಲ ಬಳಿ ಬಾಯಿ ಮುಚ್ಚಿಕೊಂಡು ನಿಂತಿದ್ದೇನೆ, ಪೆಟ್ಟಿಗೆ ಅವಳ ತಮ್ಮನ ಕೈಯಲ್ಲಿದೆ. ನಮ್ಮಿಬ್ಬರನ್ನೂ ನೋಡಿ, ನಾಚಿ, ಸೆರಗಿನಿಂದ ಮುಖ ಒರೆಸಿಕೊಂಡು ಮತ್ತೆ ಗೋಡೆಗೆ ತಿರುಗಿ ಕೂತಳು.

ನಲವತ್ತೆಂಟಕ್ಕೂ ಹಾಗೇ ತಿರುಗಿದಳು. ಹಿಂದೆ ಮುಂದೆ ಮಾಡಿ, ಮತ್ತೆ ಮತ್ತೆ ಹಾಕಿದೆವು. ಹದಿನಾರಕ್ಕೆ ಒಮ್ಮೆಯೂ ತಿರುಗಲಿಲ್ಲ, ಮೂವತ್ತೆರಡಕ್ಕೆ ಒಮ್ಮೆಯೂ ತಪ್ಪಲಿಲ್ಲ. ನಡುವೆ ಭಾವಮೈದುನ ತುಂಟತನದಿಂದ ತಾನೇ ಬಾಯಿಂದ "ಸ್ಸ್" ಎಂದ. "ಅದು ನೀನು ಕಣೋ, ಕತ್ತೆ," ಎಂದಳು ತಲೆ ಎತ್ತದೆ.

ಎಲ್ಲಿ ನಿಲ್ಲಿಸಬೇಕೆಂದು ಹರಾಜಿನವನಿಗೆ ಹೇಳಿಕೊಡಬೇಕೇ? ತಡೆಯಲಾಗಲಿಲ್ಲ. ದಿಂಬಿನ ಮೇಲೆ ಗುದ್ದಿ, "ಮೂವತ್ತೆರಡು ಸಾವಿರ ಒಂದು ಸಲ! ಎರಡು ಸಲ! ಮೂರು ಸಲ!" ಎಂದೆ. ಧ್ವನಿ ಒಡೆದು ಕಾಗೆಯಂತಾಯಿತು.

"ಕೂಗ್ಬೇಡೀಂದ್ರೆ!" ಎಂದು ಗದರಿದಳು. ನಗುತ್ತಿದ್ದಳು.

ಜನವರಿ 18, ಶನಿವಾರ

ಈಗ ಹಿಡಿಸುವುದು ಮೊದಲಿನದರ ಕಾಲು ಭಾಗ. ಏನಿಡಬೇಕು, ಏನು ಬಿಡಬೇಕು?

ಮೊದಲು ಮೀನುಗಳು ಹೋದವು. ಬೆರಳು ತೋರಿಸಿದರೆ ಆಯಿತು, ಮೀನಿನ ಹೆಸರು ಹೇಳಬೇಕಾದ್ದೇನು. ಆಮೇಲೆ ಅಂಕಿಗಳು. ಕೈಯಲ್ಲಿ ಬೆರಳಿವೆ. ಹರಾಜಿನ ಕೂಗನ್ನು ತೆಗೆಯುವಾಗ ಮಾತ್ರ ಕೈ ಬರಲಿಲ್ಲ. ಇವಳಿಗೆ ಆ ಅರಚಾಟ ಎಂದೂ ಹಿಡಿಸಿದ್ದಲ್ಲ, ತೆಗೆ ಅನ್ನುತ್ತಾಳೆ ಎಂದುಕೊಂಡೆ.

"ಅದಿರ್ಲಿ," ಎಂದಳು. "ಆದ್ರೆ ಶೆಡ್ಡಿನಲ್ಲಿ ಕೂಗೋ ಥರ ಬೇಡ. ಬಚ್ಚಲಲ್ಲಿ ಸ್ನಾನ ಮಾಡ್ತಾ ಗುನುಗ್ತೀರಲ್ಲ, ಆ ಥರ."

ನಾನು ಗುನುಗುತ್ತೇನೆಯೇ? ಗೊತ್ತೇ ಇರಲಿಲ್ಲ. ಇವಳಿಗೆ ಆರಂಭದಿಂದ ಕೊನೆಯವರೆಗೂ ಬಾಯಿಪಾಠ.

ಜನವರಿ 20, ಸೋಮವಾರ

ಮೈಕು ಈಗ ಗೇಣು ದೂರದಲ್ಲಿದೆ. ಕೂಗುವ ಕೆಲಸವೇ ಇಲ್ಲ. ಬೆಳಿಗ್ಗೆ ಧ್ವನಿ ತುಸು ಏಳುವ ಹೊತ್ತಿಗೆ ನಾಲ್ಕು ಮಾತು, ಬಿಸಿನೀರು, ಮತ್ತೆ ನಾಲ್ಕು ಮಾತು. ಭಾವಮೈದುನ ಹತ್ತಕ್ಕೆ ಎಂದವನು ಒಂಬತ್ತೂವರೆಗೇ ಬಂದು ಕೂರುತ್ತಾನೆ. ಲೋಕ ಕೆಟ್ಟಿತು.

ಇವಳು ಎದುರು ಕೂತು ನೆನಪಿಸುತ್ತಾಳೆ. ಮಾತಿಗೆ ಎದುರು ಯಾರಾದರೂ ಬೇಕಲ್ಲ, ಅದಕ್ಕೆ. "ಊಟ ಆಯ್ತಾ?" "ಎಷ್ಟೊತ್ತಾಯ್ತು ಬರೋಕೆ, ಗಾಬರಿಯಾಗಿತ್ತು." "ಕಾಲು ನೋವು ಹೇಗಿದೆ?" ಇಷ್ಟೆಲ್ಲ ನಾನು ಮನೆಯಲ್ಲಿ ಆಡುತ್ತೇನಂತೆ.

"'ಏನಿಲ್ಲ, ಸುಮ್ನೆ ಕರ್ದೆ' ಅನ್ನೋದನ್ನ ಹಾಕ್ಲೇಬೇಕು," ಎಂದಳು. "ಕೈಲಿರೋ ಕೆಲಸ ಬಿಟ್ಟು ಓಡಿ ಬಂದ್ರೆ ಪ್ರತಿ ಸಲ ಅದನ್ನೇ ಹೇಳ್ತೀರಿ. ಮೈ ಉರಿದುಹೋಗತ್ತೆ ನನಗೆ."

"ಉರಿಯೋದಾದ್ರೆ ಯಾಕೆ?"

"ಹಾಕಿ ಅಂದ್ರೆ ಹಾಕಿ."

ಜನವರಿ 22, ಬುಧವಾರ

ನಾಳೆ ಬೆಳಿಗ್ಗೆ ಆಸ್ಪತ್ರೆ. ಇವತ್ತು ಮಧ್ಯಾಹ್ನ ಕೊನೆಯದು ಮುಗಿಯಿತು.

ಇನ್ನೆರಡು ಮಾತಿಗೆ ಜಾಗ ಉಳಿದಿತ್ತು. ಭಾವಮೈದುನ ಗಂಟಲು ಸರಿಮಾಡಿಕೊಂಡು, "ಭಾವ, ಅಕ್ಕನ ಹೆಸರು ಒಂದ್ಸಲ ಹೇಳಿಬಿಡಿ," ಅಂದ. ಹೇಳೋಣವೆಂದು ಬಾಯಿ ತೆರೆದೆ. ಇವಳು ಬಿದ್ದು ಬಿದ್ದು ನಕ್ಕಳು.

"ಬೇಡವೋ. ಇವರು ಹೆಸರು ಕರೆದ್ರೆ ಬೇರೆ ಯಾರನ್ನೋ ಕರೀತಿದಾರೆ ಅಂದ್ಕೊಂಡು ಸುಮ್ಮನಿದ್ದುಬಿಡ್ತೀನಿ. ಅದರ ಬದಲು ಜಗಳಕ್ಕೆ ಒಂದು ಗುಂಡಿ ಮಾಡು. ಇಲ್ದಿದ್ರೆ ನಾನೊಬ್ಬಳೇ ಜಗಳ ಆಡಬೇಕಾಗತ್ತೆ."

ಸರಿ, "ಸಾಕು ಸುಮ್ಮನಿರೇ, ತಲೆ ಚಿಟ್ಟು ಹಿಡೀತು" ಎಂಬುದನ್ನು ಹೃದಯ ತುಂಬಿ ಹೇಳಿದೆ. ಒಂದೇ ಸಲಕ್ಕೆ ಪಾಸಾಯಿತು. ಕೊನೆಗೆ ಉಳಿದ ಚೂರು ಜಾಗಕ್ಕೆ "ಸ್ಸ್" ಮತ್ತೊಮ್ಮೆ, ಹೊಸದಾಗಿ, ಹತ್ತಿರದಿಂದ.

ಭಯ ಆಗುತ್ತಿದೆ. ಬರೆದಿಟ್ಟರೆ ತಪ್ಪೇನಿಲ್ಲ. ಧ್ವನಿ ಹೋಗುವುದಕ್ಕಲ್ಲ, ಎಚ್ಚರವಾಗದಿದ್ದರೆ ಎಂದು. ಇವಳಿಗೆ ಹೇಳಿದೆ. ಕೈ ಹಿಡಿದುಕೊಂಡು ಕೂತಳು.

ಜನವರಿ 26, ಭಾನುವಾರ

ಎಚ್ಚರವಾಗಿದೆ. ಇವತ್ತಿಗೆ ಇಷ್ಟೇ. ನಾಳೆ ಬರೆಯುತ್ತೇನೆ.

ಜನವರಿ 30, ಗುರುವಾರ

ಗಂಟು ಪೂರ್ತಿ ಹೋಯಿತು, ಕತ್ತರಿಸಿದ ಅಂಚೆಲ್ಲ ಸ್ವಚ್ಛ ಎಂದರು ಡಾಕ್ಟರಮ್ಮ. ಮೂಗಿನಲ್ಲಿ ನಳಿಗೆ, ಕತ್ತಿನಲ್ಲಿ ತೂತು. ಬಾಯಿ ತೆರೆದು "ಸ್ಸ್" ಎನ್ನಲು ನೋಡಿದೆ. ಗಾಳಿಯೆಲ್ಲ ಕೆಳಗಿನ ತೂತಿನಿಂದ ಹೋಯಿತು, ಬಾಯಿಗೆ ಬರಲೇ ಇಲ್ಲ.

ಪೆಟ್ಟಿಗೆ ದಿಂಬಿನ ಪಕ್ಕದಲ್ಲೇ ಇದೆ. ಆದರೆ ಪರೀಕ್ಷೆ ಮಾಡುವುದು ಹೇಗೆ? ಇವಳು ನನ್ನಿಂದ ಕಣ್ಣೇ ತೆಗೆಯುವುದಿಲ್ಲ. ಬೆರಳು ಅಲುಗಿದರೆ ಸಾಕು, "ನೀರಾ? ನೋವಾ? ನರ್ಸನ್ನ ಕರೀಲಾ?" ಎದುರೇ ಕೂತವಳನ್ನು ಕರೆಯುವುದೆಂತು? ತಿರುಗಿ ನಿಂತರೆ ತಾನೇ!

ಫೆಬ್ರುವರಿ 10, ಸೋಮವಾರ

ಮನೆಗೆ ಬಂದು ನಾಲ್ಕು ದಿನ. ಇಲ್ಲೂ ಅದೇ ಕಥೆ. ಕೋಣೆಯಿಂದ ಹೊರಗೆ ಹೋಗುವಾಗಲೂ ನನ್ನ ಕಡೆಗೇ ಮುಖ ಮಾಡಿ ಹಿಂದೆ ಹಿಂದೆ ಹೆಜ್ಜೆ ಇಡುತ್ತಾಳೆ. ನಿನ್ನೆ ಬಾಗಿಲ ಚೌಕಟ್ಟಿಗೆ ಮೊಣಕೈ ಬಡಿಸಿಕೊಂಡಳು.

ಬೇರೆ ಗುಂಡಿಗಳನ್ನು ಬಳಸುತ್ತೇನೆ. "ಕಾಲು ನೋವು ಹೇಗಿದೆ?" ಎಂಬುದನ್ನು ಅತಿ ಹೆಚ್ಚು. ನಿಜಕ್ಕೂ ನೋಯುತ್ತಿದೆ ಅವಳಿಗೆ. ನನ್ನ ಸುತ್ತ ಓಡಾಡಿ ಓಡಾಡಿ ಹೀಗಾಗಿದೆ, ಹೇಳಿದರೆ ಕೇಳುವುದಿಲ್ಲ.

ಫೆಬ್ರುವರಿ 15, ಶನಿವಾರ

ಬೆಳಿಗ್ಗೆ ಭಾವಮೈದುನನ ಜೊತೆ ಬಂದರಿಗೆ ಹೋಗಿದ್ದೆ. ಎಲ್ಲರೂ ಮುತ್ತಿಕೊಂಡರು. ಹೊಸ ಹರಾಜುಗಾರ ಶೆಡ್ಡಿನ ಮೈಕು ತಂದು ಹಿಡಿದ. ಬೇಡ ಎಂದು ಕೈ ಮಾಡಿದೆ, ಆ ಹಾರ್ನು ಎಲ್ಲ ಕೆಡಿಸುತ್ತದೆ. ಪೆಟ್ಟಿಗೆಯನ್ನು ಎದೆಗೆ ಹಿಡಿದು ಬಚ್ಚಲ ಗುನುಗನ್ನು ಹಾಕಿದೆ. ಕೇಳಿಸಲಿಲ್ಲವೆಂದು ಹತ್ತಿರ ಹತ್ತಿರ ಬಂದರು. ಐಸ್ ಯಂತ್ರದವನು ಯಂತ್ರವನ್ನೇ ನಿಲ್ಲಿಸಿ ಬಂದ. ಮುಗಿದ ಮೇಲೆ ಚಪ್ಪಾಳೆ ಬಿತ್ತು. "ಮೂವತ್ತೆರಡು ಸಾವಿರ!" ಎಂದು ಭಾವಮೈದುನ ಕಂಡಕಂಡವರಿಗೆಲ್ಲ ಹೇಳುತ್ತಿದ್ದ, ತಾನೇ ಕಂಡುಹಿಡಿದವನ ಹಾಗೆ. ಹೇಳಿಕೊಳ್ಳಲಿ.

ಅದಿರಲಿ, ಬರೆಯಲು ಕೂತದ್ದು ಅದಕ್ಕಲ್ಲ.

ಮನೆಗೆ ಬಂದಾಗ ಇವಳು ಒಲೆಯ ಮೇಲೆ ಹಾಲಿಟ್ಟಿದ್ದಳು. ಉಕ್ಕುವ ಹಾಲನ್ನು ಕಾಯುವಾಗ ಯಾರಾದರೂ ಹಿಂದೆ ತಿರುಗಿ ನೋಡುತ್ತಾರೆಯೇ? ಬೆನ್ನು! ಎಷ್ಟು ದಿನಕ್ಕೆ ಆ ಬೆನ್ನು ಕಂಡೆ! ಅಡುಗೆಮನೆಯ ಬಾಗಿಲಲ್ಲಿ ನಿಂತು, ಪೆಟ್ಟಿಗೆ ಎತ್ತಿ ಗುಂಡಿ ಒತ್ತಿದೆ.

ಸ್ಸ್ಸ್.

"ಏನ್ರೀ? ಹಾಲು ಉಕ್ಕೋ ಹೊತ್ತಿಗೇ ಕರೀಬೇಕಾ? ಒಂದು ನಿಮಿಷ ತಡೆಯೋಕಾಗಲ್ವಾ ನಿಮಗೆ?"

ಕತ್ತು ತಿರುಗಿತ್ತು. ಮುಖದ ತುಂಬ ಸಿಡುಕು. ಗಾಬರಿಯಿಲ್ಲ, ಕನಿಕರವಿಲ್ಲ, ಆಸ್ಪತ್ರೆಯಿಲ್ಲ. ಅವಳಿಗೆ ಗೊತ್ತೇ ಆಗಿರಲಿಲ್ಲ! ಎಲ್ಲ ದಿನಗಳಂತೆ ಗಂಡ ಕರೆದ, ಎಲ್ಲ ದಿನಗಳಂತೆ ಬೈದಳು, ಅಷ್ಟೇ. ಒಲೆಯ ಕಡೆ ತಿರುಗಿದವಳು ಹಾಗೇ ನಿಂತುಬಿಟ್ಟಳು. ಕೈಯಲ್ಲಿ ಇಕ್ಕಳ. ಹಾಲು ಉಕ್ಕಿ ಬುಸ್ಸೆಂದು ಒಲೆಯ ಮೇಲೆಲ್ಲ ಹರಿಯಿತು.

"ಈಗ ಕರೆದದ್ದು..." ಎಂದಳು.

ಇನ್ನೊಮ್ಮೆ ಒತ್ತಿದೆ.

ಬಂದಳು. ಇಕ್ಕಳ ಹಿಡಿದುಕೊಂಡೇ ಬಂದು ಎದುರು ನಿಂತಳು. ಕಣ್ಣಲ್ಲಿ ನೀರು. ನನಗೂ. ಇಷ್ಟಾದರೂ ಹೇಳಲು ಏನೂ ಇರಲಿಲ್ಲ. ಆ ಗುಂಡಿ ಎಲ್ಲಿದೆ ಎಂದು ಬೆರಳಿಗೆ ಗೊತ್ತಿತ್ತು.

"ಏನಿಲ್ಲ, ಸುಮ್ನೆ ಕರ್ದೆ."

"ಸುಮ್ನೆ ಕರೆದ್ರಂತೆ! ಹಾಲೆಲ್ಲ ಹೋಯ್ತು, ಒಲೆ ಹಾಳಾಯ್ತು, ಇವರು ಸುಮ್ನೆ ಕರೆದ್ರಂತೆ!" ಎಂದು ಶುರುಮಾಡಿದಳು. ಆಪರೇಷನ್ನಿನ ಮಾತು ಬಂದ ದಿನದಿಂದ ಕೂಡಿಟ್ಟದ್ದೆಲ್ಲ ಇವತ್ತು ಬಂತು. ಒದ್ದೆ ಟವೆಲ್ಲು, ಎಸೆದ ಪೆಟ್ಟಿಗೆ, ಹೊತ್ತಿಗೆ ಸರಿಯಾಗಿ ನುಂಗದ ಮಾತ್ರೆ, ಎಲ್ಲ. ಬೈಯುತ್ತ ಅಳುತ್ತಾಳೆ, ಅಳುತ್ತ ನಗುತ್ತಾಳೆ. ನಾನು ಜಗಳದ ಗುಂಡಿ ಒತ್ತಿದೆ. "ಸಾಕು ಸುಮ್ಮನಿರೇ, ತಲೆ ಚಿಟ್ಟು ಹಿಡೀತು." ಅದಕ್ಕೂ ಉತ್ತರ ಕೊಟ್ಟಳು. ಮತ್ತೆ ಒತ್ತಿದೆ. ಮತ್ತೆ ಕೊಟ್ಟಳು. ಪಕ್ಕದ ಮನೆಯ ಕಿಟಕಿ ತೆರೆದ ಸದ್ದಾಯಿತು. ಕೇಳಿಸಿಕೊಳ್ಳಲಿ, ಈ ಮನೆಯಲ್ಲಿ ಗಂಡ ಹೆಂಡತಿ ಜಗಳವಾಡುತ್ತಿದ್ದೇವೆ!

ಇವತ್ತು ಗೆದ್ದವನು ನಾನೇ. ಒಲೆ ಒರೆಸಿದವನೂ ನಾನೇ.